ಕನ್ನಡಕ ಏರಿಸಿದಾಗ

“ಅಮ್ಮ ಸತ್ತ ಬೆಳಿಗ್ಗೆ” ಎಂದು ತಮಿಳಿನಲ್ಲಿ ಓದಿ, ಅರಿವರಸನ್ ಜಾರಿದ ಕನ್ನಡಕವನ್ನು ಮೂಗಿನ ಮೇಲೇರಿಸಿದ್ದೇ ತಡ, ಅಮೆರಿಕದ ಇರ್ವಿಂಗ್‌ನ ಕನ್ನಡ ಸಭೆ ಗೊಳ್ಳೆಂದು ನಕ್ಕಿತು. ತಮಿಳು ಸಿನಿಮಾಗಳಲ್ಲಿ ಹೀಗೆ ಕನ್ನಡಕ ಏರಿಸಿಯೇ ಅವನು ಇಷ್ಟು ವರ್ಷ ಜನರನ್ನು ನಗಿಸಿದ್ದ. ಅವನ ಕಥೆಗಳನ್ನು ಓದಿದವರು ಮಾತ್ರ ಬೆರಳೆಣಿಕೆಯಷ್ಟು.

ಹೊಸೂರಿನವನಾದ್ದರಿಂದ ಕನ್ನಡ ಮಾತಾಡಲು ಬರುತ್ತಿತ್ತು. ಪಕ್ಕದಲ್ಲಿದ್ದ ಅನುವಾದಕಿ ಸುಚೇತಾಳ ಕೈಗೆ ಮೈಕ್ ಕೊಟ್ಟ. “ಕನ್ನಡದಲ್ಲಿ ನೀವೇ ಓದಿಬಿಡಿ ಮೇಡಂ. ನಾನು ಓದಿದ್ರೆ ಇವರು ಅಳೋ ಜಾಗದಲ್ಲೂ ನಗ್ತಾರೆ.”

“ಸರ್, ನಿಮ್ಮನ್ನ ನೋಡೋಕೆ ಅಂತಾನೇ ಮೆಕಿನ್ನಿಯಿಂದೆಲ್ಲ ಡ್ರೈವ್ ಮಾಡ್ಕೊಂಡು ಬಂದಿದಾರೆ.”

“ನನಗೆ ಅದೇ ಭಯ.”

ಸುಚೇತಾ ಓದತೊಡಗಿದಳು. ಸತ್ತ ಅಮ್ಮ ದೋಸೆಗೆಂದು ನೆನೆಹಾಕಿದ್ದ ಅಕ್ಕಿಯನ್ನು ಚೆಲ್ಲಲು ಮನಸ್ಸಾಗದೆ ಮಗ ರುಬ್ಬಲು ಕೂರುತ್ತಾನೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು, ಆಮೇಲೆ ಸುಮ್ಮನಾದರು. ಉಪ್ಪು ಎಷ್ಟು ಹಾಕಲಿ ಎಂದು ಮಗ ಅಭ್ಯಾಸಬಲದಿಂದ ಅಮ್ಮನ ಕಡೆಗೇ ತಿರುಗಿದಾಗ, ಮುಂದಿನ ಸಾಲಿನ ಹಿರಿಯರೊಬ್ಬರು ವಿಡಿಯೋ ಮಾಡಲು ಎತ್ತಿ ಹಿಡಿದಿದ್ದ ಫೋನನ್ನು ಮೆಲ್ಲಗೆ ತೊಡೆಯ ಮೇಲಿಳಿಸಿದರು.

ಅರಿವರಸನ್‌ನ ಕಣ್ಣು ಮಂಜಾಯಿತು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಮರೆತು ಅದನ್ನು ಎಂದಿನಂತೆಯೇ ಮೂಗಿನ ಮೇಲೇರಿಸಿದವನು, ತಕ್ಷಣ ಬೆಚ್ಚಿ ಸಭೆಯತ್ತ ನೋಡಿದ.

ಯಾರೂ ನಗಲಿಲ್ಲ. ಅವನ ಕಡೆ ನೋಡುತ್ತಿದ್ದವರೇ ಇರಲಿಲ್ಲ. ಅವನು ಹಾಯಾಗಿ ಕುರ್ಚಿಗೆ ಒರಗಿ, ಅವರ ಜೊತೆ ತಾನೂ ಕಥೆ ಕೇಳತೊಡಗಿದ.