ಉಳಿದಿದ್ದ ಹನ್ನೆರಡು ದಿನ

“ಎದ್ದು ನಿಲ್ಲಬೇಡಿ ಅಮ್ಮ, ಗಾಡಿ ಕುಲುಕುತ್ತೆ,” ಎಂದ ಗೈಡ್.

“ಕೂತ್ರೆ ಕೆರೆ ಕಾಣ್ಸಲ್ಲಪ್ಪ,” ಎನ್ನುತ್ತಲೇ ಅಕ್ಕ ಕೂತಳು. ಆಮೇಲೆ ತಂಗಿಯ ಕಡೆ ವಾಲಿ, “ನಲವತ್ತು ವರ್ಷ ಸೊಂಟದ ಮಟ್ಟ ನೀರಲ್ಲಿ ನಿಂತಿದ್ನಲ್ಲ, ಆಗ ಒಬ್ರೂ ಕೂತ್ಕೋ ಅನ್ಲಿಲ್ಲ ನೋಡು,” ಎಂದು ಪಿಸುಗುಟ್ಟಿದಳು. ತಂಗಿಗೆ ನಗು ಬಂತು.

ಈ ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆದೇ ಅಕ್ಕ ತಂಗಿಯನ್ನು ಓದಿಸಿದ್ದು. ಓದಿದ ತಂಗಿ ಅರಣ್ಯ ಇಲಾಖೆಯ ನಕ್ಷೆ ವಿಭಾಗ ಸೇರಿದಳು. ಕೆರೆಯ ಸುತ್ತ ಬೇಲಿ ಬಿದ್ದು ಮೂರು ವರ್ಷವಾಯಿತು. ಅಕ್ಕ ಈಗ ಬಟ್ಟೆ ಅಂಗಡಿಯೊಂದರ ಬಾಗಿಲಲ್ಲಿ ಕೂತು ಗಿರಾಕಿಗಳ ಚೀಲಗಳಿಗೆ ಟೋಕನ್ ಕೊಡುತ್ತಾಳೆ. ಹೋದ ವಾರ ಪ್ರವಾಸಿಗರಿಗೆಂದು ಜೀಪು ಶುರುವಾದಾಗ, “ಒಂದು ಸಲ ಕಣ್ಣಲ್ಲಿ ನೋಡ್ಕೊಂಡು ಬರೋಣ ಕಣೇ,” ಎಂದು ಕೇಳಿದ್ದಳು. ತಂಗಿ ರಜೆ ಹಾಕಿ ಕರೆತಂದಿದ್ದಳು.

ಗೈಡ್ ಬಾಯಿಪಾಠ ಒಪ್ಪಿಸತೊಡಗಿದ. “ನಮ್ಮ ರಾಜ್ಯದಲ್ಲಿ ಕಾಡು, ಕೆರೆ ಕಾಪಾಡೋಕೆ ಬೇರೆ ಬೇರೆ ದರ್ಜೆ ಇದೆ. ಸಮುದಾಯ ಮೀಸಲು ಅಂದ್ರೆ ಊರಿನವರೇ ಕೂಡಿ ನೋಡ್ಕೊಳ್ಳೋದು. ಅಭಯಾರಣ್ಯ ಅಂದ್ರೆ ಇಲಾಖೆ ಪಾಸ್ ಕೊಟ್ರೆ ಒಳಗೆ ಹೋಗಿ ಹುಲ್ಲು, ಸೌದೆ ತರಬಹುದು. ರಾಷ್ಟ್ರೀಯ ಉದ್ಯಾನ ಎಲ್ಲಕ್ಕಿಂತ ಮೇಲು. ನಾವೀಗ ಇರೋದು ಅದರಲ್ಲೇ. ಇಲ್ಲಿ ಒಂದು ಕಡ್ಡಿ ಮುರಿಯೋ ಹಾಗಿಲ್ಲ.”

“ಅಂದ್ರೆ ಒಂದರಲ್ಲಿ ನಮ್ಮನ್ನ ಕೇಳ್ಬೇಕು, ಇನ್ನೊಂದರಲ್ಲಿ ನಾವು ಕೇಳ್ಬೇಕು, ಇದರಲ್ಲಿ ಕೇಳೋ ಹಾಗೇ ಇಲ್ಲ,” ಎಂದಳು ಅಕ್ಕ.

“ಟ್ರೇನಿಂಗಲ್ಲಿ ನಮಗೆ ಮೂರು ದಿನ ಕೊರೆದಿದ್ದನ್ನ ಒಂದೇ ಉಸಿರಲ್ಲಿ ಮುಗಿಸಿಬಿಟ್ರಲ್ಲ,” ಎಂದು ಗೈಡ್ ನಕ್ಕ.

ತಂಗಿ ಹೊರಗೆ ನೋಡಿದಳು. ಕರಡು ನಕ್ಷೆಯಲ್ಲಿ ಈ ಕೆರೆಗೆ ತಿಳಿಹಸಿರು ತುಂಬಿದ್ದವಳು ಅವಳೇ. ತಿಳಿಹಸಿರೆಂದರೆ ಅಭಯಾರಣ್ಯ. ಆಕ್ಷೇಪಣೆಗೆ ಎರಡು ತಿಂಗಳ ಗಡುವಿತ್ತು. ಜೊಂಡು ಕೊಯ್ಯುವ ನಲವತ್ತೊಂದು ಹೆಂಗಸರ ಸಹಿ, ಹೆಬ್ಬೆಟ್ಟು ಇದ್ದ ಅರ್ಜಿ ಹಿಡಿದು ಅಕ್ಕ ಅವಳ ಮನೆಗೆ ಬಂದಿದ್ದಳು. ಕೆರೆಯನ್ನು ಸಮುದಾಯ ಮೀಸಲು ಮಾಡಿ ಎಂದು ಅದರಲ್ಲಿ ಬರೆದಿತ್ತು. “ಇದೆಲ್ಲ ಯಾಕಕ್ಕ, ಪಾಸ್ ಸಿಕ್ಕೇ ಸಿಗುತ್ತೆ. ನಕ್ಷೆ ಬರೆಯೋಳು ನಾನು, ನನಗೆ ಗೊತ್ತಿಲ್ವಾ?” ಎಂದಿದ್ದಳು ತಂಗಿ. ಆ ಮಾತು ಆಡುವಾಗ ಎಷ್ಟು ಹಿತವಾಗಿತ್ತೆಂಬುದು ಅವಳಿಗೆ ಈಗಲೂ ನೆನಪಿದೆ. ಜಡೆ ಹಾಕಿಕೊಳ್ಳುವುದರಿಂದ ಹಿಡಿದು ಎಲ್ಲವನ್ನೂ ಅಕ್ಕನಿಂದ ಕಲಿತವಳು, ಅಂದು ಮೊದಲ ಬಾರಿಗೆ ಅಕ್ಕನಿಗೆ ಗೊತ್ತಿರದ ಒಂದು ವಿಷಯ ಹೇಳಿದ್ದಳು. ಅಕ್ಕ ಅರ್ಜಿಯನ್ನು ನಾಲ್ಕಾಗಿ ಮಡಚಿಕೊಂಡು ವಾಪಸು ಹೋದಳು.

ಗಡುವು ಮುಗಿಯಲು ಹನ್ನೆರಡು ದಿನ ಇರುವಾಗ ಮೇಲಿನಿಂದ ಆದೇಶ ಬಂತು: ತಿಳಿಹಸಿರು ತೆಗೆದು ಕಡುಹಸಿರು ತುಂಬಿ. ಕಡುಹಸಿರೆಂದರೆ ರಾಷ್ಟ್ರೀಯ ಉದ್ಯಾನ. ಅವಳು ತುಂಬಿದಳು. ಅಕ್ಕನಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು; ಅರ್ಜಿ ಬಂದಿದ್ದರೆ ಆ ಹೆಂಗಸರನ್ನು ಕರೆದು ಕೇಳದೆ ಬೇಲಿ ಹಾಕುವಂತಿರಲಿಲ್ಲ. ಆಫೀಸಿನ ಗುಟ್ಟು ಹೊರಗೆ ಆಡಬಾರದು ಎಂದು ತನಗೆ ತಾನೇ ಹೇಳಿಕೊಂಡಳು. ನಿಜವೆಂದರೆ, ‘ನಾನು ಹೇಳಿದ್ದು ತಪ್ಪಾಯ್ತಕ್ಕ’ ಎನ್ನಲು ನಾಲಿಗೆ ಏಳಲಿಲ್ಲ. ನಾಳೆ ಹೇಳಿದರಾಯಿತು ಎನ್ನುತ್ತ ಹನ್ನೆರಡು ನಾಳೆಗಳೂ ಕಳೆದುಹೋದವು.

ಜೀಪು ದಡದಲ್ಲಿ ನಿಂತಿತು. ನೀರೇ ಕಾಣಲಿಲ್ಲ. ಆಳೆತ್ತರ ಬೆಳೆದ ಜೊಂಡು ಒಣಗಿ, ಒಂದರ ಮೇಲೊಂದು ಬಿದ್ದು, ಬುಡದಲ್ಲಿ ಕಪ್ಪಗೆ ಕೊಳೆತಿತ್ತು.

“ಈ ವರ್ಷ ಹಕ್ಕಿ ಕಮ್ಮಿ. ಯಾಕೋ ಗೊತ್ತಾಗ್ತಿಲ್ಲ,” ಎಂದ ಗೈಡ್.

“ಕೊಯ್ದ ಕಡೆ ತಾನೇ ನೀರು ಬಿಚ್ಚಿಕೊಳ್ಳೋದು? ಇಲ್ಲಿ ಇಳಿಯೋಕೆ ಅವಕ್ಕೆ ಜಾಗ ಎಲ್ಲಿದೆ ಹೇಳು,” ಎಂದಳು ಅಕ್ಕ. ದೂರುವ ದನಿಯಲ್ಲ. ಯಾರದೋ ಮನೆಯಲ್ಲಿ ಬಿಟ್ಟುಬಂದ ಮಗುವಿಗೆ ತಲೆ ಬಾಚಿಲ್ಲವೆಂದು ಕಂಡವಳ ದನಿ.

“ಆಗಲೇ ಬಂದು ಹೇಳ್ಬೇಕಿತ್ತಮ್ಮ ನೀವು. ಎರಡು ತಿಂಗಳು ಟೈಮ್ ಕೊಟ್ಟಿದ್ರಂತೆ, ಒಂದೇ ಒಂದು ಅರ್ಜಿ ಬರ್ಲಿಲ್ವಂತೆ. ಊರಿನವರು ಮನಸಾರೆ ಬಿಟ್ಟುಕೊಟ್ರು ಅಂತಲೇ ನಮಗೆ ಹೇಳ್ಕೊಟ್ಟಿರೋದು,” ಎಂದು ಗೈಡ್ ಕೆಳಗಿಳಿದು, ಹಿಂದಿನ ಜೀಪಿನವನಿಗೆ ದಾರಿ ತೋರಿಸಲು ಹೋದ.

“ಅಕ್ಕ, ಆ ಅರ್ಜಿ...” ತಂಗಿ ಬಾಯಿ ತೆರೆದಳು.

“ಬಿಡೇ ಅದನ್ನ. ನೀನು ಅದನ್ನೇ ಹಚ್ಕೊಂಡು ಕೊರಗ್ತಿದ್ದೀಯ ಅಂತ ನನಗೆ ಗೊತ್ತು. ಜೊಂಡು ಕೊಯ್ಯೋ ಉಳಿದವರು ನಿನ್ನ ಆಡ್ಕೊಂಡಾಗೆಲ್ಲ ಜಗಳ ಆಡಿದ್ದೀನಿ ನಾನು. ಗೊತ್ತಿದ್ದೂ ಸುಮ್ನಿರೋಳಲ್ಲ ನನ್ನ ತಂಗಿ ಅಂತ. ಅವರಲ್ಲೊಬ್ಬ ಬಾಯಿಬಡುಕಿ ಹತ್ರ ಈಗ್ಲೂ ಮಾತಿಲ್ಲ ನನಗೆ.” ಅಕ್ಕ ಅವಳ ಕಡೆ ತಿರುಗಿ ಕೇಳಿದಳು, “ಗಡುವು ಮುಗಿದ ಮೇಲೆ ತಾನೇ ನಿನಗೂ ತಿಳಿದಿದ್ದು?”

ಹೇಳುವುದಿದ್ದರೆ ಈಗ ಹೇಳಬೇಕಿತ್ತು. ಗೈಡ್ ಇನ್ನೂ ದೂರದಲ್ಲಿದ್ದ.

“ಹೂಂ,” ಎಂದಳು ತಂಗಿ.

ಅಕ್ಕ ಅವಳ ಕೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಜೊಂಡಿನ ಅಲಗಿಗೆ ಸಿಕ್ಕಿ ಬೆರಳ ಸಂದಿಯಲ್ಲೆಲ್ಲ ಗೀರು ಬಿದ್ದಿರುತ್ತಿದ್ದ ಅಕ್ಕನ ಅಂಗೈ ಈಗ ತಂಗಿಯ ಅಂಗೈಯಷ್ಟೇ ಮೆತ್ತಗಿತ್ತು.