ವೈರಿಲ್ಲದ ವಿಡಿಯೊ

ತಂಗಿಯನ್ನು ಅವಳ ಗಂಡ ವೈರಿನಲ್ಲಿ ಕಟ್ಟಿಕೊಂಡು ಮದುವೆಮನೆ ತುಂಬ ಎಳೆದಾಡುತ್ತಿರುವುದನ್ನು ಕೆಂಪಯ್ಯ ಕಣ್ಣಾರೆ ಕಂಡ. ಕೈಯಲ್ಲಿದ್ದ ಲಾಡು ಎಲೆಗೆ ಹಾಕಿ ಎದ್ದುಬಿಟ್ಟ.

ಎಂಬತ್ತೇಳರ ಬೇಸಿಗೆ. ಶಿರಾದ ಒಂದು ಕಲ್ಯಾಣಮಂಟಪ. ಮಸ್ಕತ್ತಿನಲ್ಲಿ ಕ್ರೇನ್ ಓಡಿಸುತ್ತಿದ್ದ ಕೆಂಪಯ್ಯ ಬಹಳ ಕಾಲದ ಮೇಲೆ ರಜೆಗೆ ಬಂದಿದ್ದ. ಭಾವ ಕದರಪ್ಪ ಮಧುಗಿರಿಯಲ್ಲಿ ವಿಡಿಯೊ ಅಂಗಡಿ ಇಟ್ಟು, ಸುತ್ತಲಿನ ಮದುವೆಗಳಿಗೆಲ್ಲ ತಾನೇ ಬೇಕೆನ್ನುವಷ್ಟು ಹೆಸರು ಮಾಡಿದ್ದಾನೆಂದು ಕೇಳಿದ್ದ. ಆ ಹೆಸರಿನ ಹಿಂದೆ ತಂಗಿ ದಾಸಮ್ಮ ಹೇಸರಗತ್ತೆಯಂತೆ ಹೊರೆ ಹೊರುತ್ತಿರುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಕದರಪ್ಪನ ಹೆಗಲ ಮೇಲೆ ಕ್ಯಾಮೆರಾ. ಮೂಗಿನ ಮೇಲೆ ಕರಿ ಕನ್ನಡಕ, ಮಂಟಪದ ಒಳಗೂ. ಕ್ಯಾಮೆರಾದಿಂದ ಹೊರಟ ದಪ್ಪ ವೈರು ದಾಸಮ್ಮನ ಹೆಗಲಿಗೆ ನೇತುಬಿದ್ದ ರೆಕಾರ್ಡರಿಗೆ ಸೇರಿತ್ತು. ಅದೋ, ಸಣ್ಣ ಟ್ರಂಕಿನಷ್ಟಿತ್ತು. ಅವನು ಧಾರೆಯ ಹತ್ತಿರ ಹೋದರೆ ಇವಳೂ ಧಾರೆಯ ಹತ್ತಿರ. ಅವನು ಬೀಗರ ಕಡೆ ತಿರುಗಿದರೆ ಇವಳೂ ಬೀಗರ ಕಡೆ. ಮಧ್ಯೆ ವೈರು ಬಿಗಿಯುತ್ತಿತ್ತು, ಸಡಿಲುತ್ತಿತ್ತು.

"ಭುಜ ನೋಯಾಕಿಲ್ವೇನಮ್ಮಿ?" ಎಂದ ಕೆಂಪಯ್ಯ, ತಂಗಿಯನ್ನು ಪಕ್ಕಕ್ಕೆ ಕರೆದು.

"ಅಬ್ಯಾಸ ಆಗೈತೆ ಬುಡಣ್ಣ. ನಾನು ಜೊತೇಲಿಲ್ದಿದ್ರೆ ಅವ್ರಿಗೆ ಕೈಕಾಲೇ ಆಡಾಕಿಲ್ಲ" ಎಂದವಳೇ ಓಡಿಹೋದಳು.

ಕೆಂಪಯ್ಯ ಎಲೆಗೆ ಮರಳಿದಾಗ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ನೆಂಟ ಪರ್ವತಯ್ಯ ಅನ್ನ ಕಲಸುತ್ತಾ ತಲೆದೂಗಿದ. "ಕದರಪ್ಪನ ಕಣ್ಣು ಅಂದ್ರೆ ಕಣ್ಣು ಕಣಪ್ಪ. ಬೀಗರೊಳಗೆ ಯಾರು ಮುನಿಸ್ಕಂಡವ್ರೋ ಅವ್ರ ಮಖಾನೇ ಮೊದ್ಲು ಹಿಡೀತಾನೆ!"

ಕೆಂಪಯ್ಯನಿಗೆ ಮೈಯೆಲ್ಲ ಉರಿಯಿತು. ಹೆಸರು ಇವನಿಗೆ, ಹೊರೆ ನನ್ನ ತಂಗಿಗೆ.

ಅದೃಷ್ಟವಶಾತ್ ಇದಕ್ಕೆ ಮದ್ದು ಅವನ ಪೆಟ್ಟಿಗೆಯಲ್ಲೇ ಇತ್ತು. ಮಸ್ಕತ್ತಿನಿಂದ ಅವನು ತಂದದ್ದು ಹೊಸ ನಮೂನೆಯ ಕ್ಯಾಮೆರಾ. ರೆಕಾರ್ಡರು ಅದರ ಹೊಟ್ಟೆಯೊಳಗೇ ಇತ್ತು. ವೈರು ಬೇಡ, ಹೊರುವವರು ಬೇಡ, ಹಿಡಿದದ್ದನ್ನು ಆಗಲೇ ಟಿವಿಗೆ ಸಿಕ್ಕಿಸಿ ನೋಡಬಹುದು. ಮಧುಗಿರಿಯ ಮನೆಯ ನಡುಮನೆಯಲ್ಲಿ ಅದನ್ನು ಭಾವನ ತೊಡೆಯ ಮೇಲಿಟ್ಟ.

ಕದರಪ್ಪ ಅದರ ಮೇಲೆ ಕೈಯಾಡಿಸಿದ. "ಆಹಾ! ಏನ್ ಹೊಳಪು, ಏನ್ ಅಂದ!"

"ಇನ್ನೂ ರಟ್ಟಿನ ಡಬ್ಬಿ ಬಿಚ್ಚಿಲ್ಲ ಭಾವ."

"ಬಿಚ್ಚಿದ ಮ್ಯಾಲೆ ಇನ್ನೂ ಚೆನ್ನಾಗಿರ್ತೈತೆ ಬುಡು" ಎಂದು ಕದರಪ್ಪ ಕೆಮ್ಮಿದ.

ಹೊರೆ ಇಳಿಯಿತೆಂದು ತಂಗಿ ಕುಣಿಯುತ್ತಾಳೆ ಎಂದುಕೊಂಡರೆ, ದಾಸಮ್ಮನ ಮುಖ ಬಿಳಿಚಿಕೊಂಡಿತು. "ಬ್ಯಾಡ ಕಣಣ್ಣ. ಹಳೇದೇ ಇರ್ಲಿ. ನಾನೇ ಹೊರ್ತೀನಿ."

ಎಷ್ಟು ಹೆದರಿಸಿಟ್ಟಿದ್ದಾನೆ ಪಾಪಿ! ಎಂದುಕೊಂಡ ಕೆಂಪಯ್ಯ. ಮರುದಿನ ಇಬ್ಬರೂ ಏಳುವ ಮೊದಲೇ ಹಳೆಯ ರೆಕಾರ್ಡರು, ಹಳೆಯ ಕ್ಯಾಮೆರಾ, ವೈರು ಎಲ್ಲವನ್ನೂ ಹೊತ್ತು ಮೊದಲ ಬಸ್ಸು ಹತ್ತಿದ. ಪಾವಗಡದ ರೇಡಿಯೊ ರಿಪೇರಿಯವನಿಗೆ ಕೊಟ್ಟು ಕೈತೊಳೆದುಕೊಂಡು ಬಂದ.

ವಿಷಯ ತಿಳಿದ ಕದರಪ್ಪ ಎದೆ ಸೆಟೆಸಿ, "ಆಗ್ಲಿ. ನಾನೊಬ್ನೇ ಮಾಡ್ತೀನಿ" ಎಂದ.

ಮುಂದಿನ ಮದುವೆ ಕೊರಟಗೆರೆಯಲ್ಲಿ. ಕೊಳಾಲದ ವೃಷಭೇಂದ್ರಪ್ಪನವರ ಒಬ್ಬಳೇ ಮಗಳದು. ಕೆಂಪಯ್ಯ ತಂಗಿಗೆ ರೇಷ್ಮೆ ಸೀರೆ ಉಡಿಸಿ ಕರೆದೊಯ್ದು ಊಟದ ಪಂಕ್ತಿಯಲ್ಲಿ ಕೂರಿಸಿದ. ತಾನು ಪಕ್ಕದಲ್ಲೇ ಕಾವಲು ಕೂತ. ಅವಳು ಎದ್ದಳು. ಇವನು ಕೂರಿಸಿದ. ಮತ್ತೆ ಎದ್ದಳು.

"ಅಣ್ಣಾ, ಬುಡು ನನ್ನ. ಅವ್ರು ಎತ್ತಾಗೆ ಹೋಯ್ತಾರೋ ಏನೋ!"

"ಎತ್ತಾಗಾದ್ರೂ ಹೋಗ್ಲಿ. ಗಂಡಸು. ನೀನು ಪಾಯಸ ಉಣ್ಣು."

ದಾಸಮ್ಮ ಪಾಯಸ ಉಣ್ಣಲಿಲ್ಲ, ಕುತ್ತಿಗೆ ಉದ್ದ ಮಾಡಿ ಬಾಗಿಲನ್ನೇ ನೋಡುತ್ತಿದ್ದಳು. ಒಮ್ಮೆ ಕದರಪ್ಪ ಕ್ಯಾಮೆರಾ ಹೊತ್ತು ಬಲು ಗತ್ತಿನಿಂದ ಆ ಬಾಗಿಲು ದಾಟಿ ಹೋದ. ಅತ್ತ ಮಂಟಪದಲ್ಲಿ ಗಟ್ಟಿಮೇಳ ಮೊಳಗಿತು.

ಸಂಜೆ ಕೊಳಾಲದ ಮನೆಯಲ್ಲಿ ಹೊಸ ಯಂತ್ರವನ್ನು ಕೆಂಪಯ್ಯನೇ ಟಿವಿಗೆ ಸಿಕ್ಕಿಸಿದ. ಮದುಮಕ್ಕಳು ಮುಂದೆ, ಬೀಗರು ಚಾಪೆಯ ಮೇಲೆ, ಊರಿನವರು ಕಿಟಕಿಯಲ್ಲಿ.

ಮೊದಲು ಒಂದು ಕಂಬ ಬಂತು. ಕಂಬಕ್ಕೆ ಬಾಳೆಗಿಡ ಕಟ್ಟಿತ್ತು. ಕಂಬ ಬಹಳ ಹೊತ್ತು ನಿಂತಿತ್ತು.

"ಹೊಸ ಥರ ತೆಗ್ದವ್ರೆ" ಎಂದ ಯಾರೋ, ಮರ್ಯಾದೆಗೆ.

ಆಮೇಲೆ ಒಂದು ಅಗಲವಾದ ಬೆನ್ನು. ಅಡುಗೆ ಭಟ್ಟನದು. ಬೆನ್ನು ಬಗ್ಗಿತು, ಕೊಪ್ಪರಿಗೆ ಕಂಡಿತು, ಸಾಂಬಾರು ಕುದಿಯಿತು. ಟಿವಿಯೊಳಗೆ ಎಲ್ಲೋ ದೂರದಲ್ಲಿ "ಗಟ್ಟಿಮೇಳ, ಗಟ್ಟಿಮೇಳ!" ಎಂಬ ಕೂಗು ಕೇಳಿತು. ಸಾಂಬಾರು ಇನ್ನೂ ಜೋರಾಗಿ ಕುದಿಯಿತು. ಮದುಮಗಳು ಗೊಳೋ ಎಂದಳು.

ವೃಷಭೇಂದ್ರಪ್ಪನವರು ಎದ್ದು ನಿಂತರು. "ಏನಯ್ಯಾ ಇದು? ತಾಳಿ ಕಟ್ಟೋ ಹೊತ್ನಾಗೆ ಸಾಂಬಾರ್ ತೋರಿಸ್ತೀಯಲ್ಲ! ನನ್ ಮಗಳೆಲ್ಲಿ?"

ಕದರಪ್ಪ ಕನ್ನಡಕ ಸರಿಮಾಡಿಕೊಂಡ. "ಅವಸ್ರ ಮಾಡ್ಬ್ಯಾಡಿ ಸ್ವಾಮಿ. ಇಕಾ, ಈಗ ಬತ್ತಾಳೆ. ಹತ್ರದಿಂದ ಹಿಡ್ದಿವ್ನಿ. ತಲೆ ಬಗ್ಗಿಸ್ಕಂಡು ನಾಚ್ಕಂತಿದ್ಲು."

ಪರದೆ ತುಂಬ ಒಂದು ಎಮ್ಮೆಯ ಮೂತಿ ಬಂತು. ತಲೆ ಬಗ್ಗಿಸಿಕೊಂಡು ಎಂಜಲೆಲೆ ಮೇಯುತ್ತಿತ್ತು.

ಮನೆಯೊಳಗೆ ಗದ್ದಲವೆದ್ದಿತು. ಕೆಂಪಯ್ಯ ತಂಗಿಯ ಕೈಹಿಡಿದು ಜಗುಲಿಗೆ ಎಳೆದುತಂದ. "ನಿನ್ನ ದುಡಿಸ್ಕಣಾಕೆ ಆಗ್ನಿಲ್ಲ ಅಂತ ಬೇಕಂತ್ಲೇ ಹಿಂಗ್ ಮಾಡವ್ನೆ! ನಿಜ ಹೇಳು!"

ದಾಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಒಳಗಿನವರಿಗೆ ಕೇಳದಂತೆ ಹೇಳಿದಳು:

"ಬೇಕಂತ ಎಲ್ಲಿ ಬಂತಣ್ಣಾ, ಆ ವೈರು ಜಗ್ಗಿ ಜಗ್ಗಿ ನಾನೇ ದಾರಿ ತೋರಿಸ್ತಿದ್ದೆ, ಎಲ್ಡು ಕಣ್ಗೂ ಪೊರೆ ಬಂದು ಅವ್ರಿಗೆ ಏನೂ ಕಾಣಾಕಿಲ್ಲ."