ಎಣಿಕೆಗೆ ಸಿಗದ ಪಂಚಮಿ

“ಈ ಸಲ ಪಂಚಮಿ ಇಲ್ಲ ಗಿರಿಯಮ್ಮ,” ಎಂದರು ಹೊಸದುರ್ಗದ ಅಯ್ಯನೋರು. ಪಂಚಾಂಗದ ಮೇಲಿದ್ದ ಅವರ ಬೆರಳು ಸೋಮವಾರದ ಚೌತಿಯಿಂದ ಮಂಗಳವಾರದ ಷಷ್ಠಿಗೆ ನೇರ ಜಿಗಿದಿತ್ತು.

ಗಿರಿಯಮ್ಮನ ಗಂಡ ತಿಮ್ಮರಾಯಪ್ಪ ತೀರಿಕೊಂಡ ತಿಥಿ ಅದು. ವರ್ಷಕ್ಕೊಂದೇ ಎಡೆ. “ನಿಮ್ಮ ಪಂಚಾಂಗ ನಮ್ಮ ಯಜಮಾನ್ರ ಊಟಾನೇ ನುಂಗಿತಲ್ಲ ಸ್ವಾಮಿ! ಯಾವತ್ತು ಎಡೆ ಇಡ್ಲಿ?”

ಅಯ್ಯನೋರು ನಕ್ಕರು. “ಪಂಚಮಿ ಬರ್ತೈತಮ್ಮ. ಆದ್ರೆ ಹೊತ್ತು ಹುಟ್ಟುವಾಗ ಇರೋ ತಿಥೀನೇ ನಾವು ಆ ದಿನಕ್ಕೆ ಬರೆಯೋದು. ಇದು ಸೋಮವಾರ ಹೊತ್ತು ಹುಟ್ಟಿದ ಮೇಲೆ ಬಂದು, ಮಂಗಳವಾರ ಹೊತ್ತು ಹುಟ್ಟೋದ್ರೊಳಗೆ ಹೋಗ್ಬಿಡ್ತೈತೆ. ಅದಕ್ಕೇ ಯಾವ ದಿನಕ್ಕೂ ಸೇರಿಲ್ಲ.”

ಗಿರಿಯಮ್ಮ ಹೆಗಲ ಕಂಬಳಿಯ ಅಂಚನ್ನು ಸವರಿದಳು. “ನಮ್ಮ ಹಟ್ಟ್ಯಾಗೂ ಹಂಗೇ ಸ್ವಾಮಿ. ಬೆಳಿಗ್ಗೆ ಕುರಿ ಎಣಿಸಿ ಬಿಟ್ಟ ಮೇಲೆ ಹುಟ್ಟಿ, ಮಾರನೇ ದಿನ ಎಣಿಸೋದ್ರೊಳಗೆ ಸತ್ತ ಮರಿ ಯಾವ ಎಣಿಕೇಗೂ ಸಿಗಲ್ಲ. ಆದ್ರೆ ಅದರ ತಾಯಿ ಮೂರು ದಿನ ಮರಿ ಹಾಕಿದ ಜಾಲಿ ಗಿಡದ ಸುತ್ತಾನೇ ಅರಚ್ಕೊಂಡು ತಿರುಗ್ತೈತೆ. ಅದಕ್ಕೆ ಗೊತ್ತು, ಮರಿ ಇತ್ತು ಅಂತ.” ಆಮೇಲೆ ಮೆಲ್ಲಗೆ ಕೇಳಿದಳು: “ಸೋಮವಾರ ನಡು ಮಧ್ಯಾಹ್ನಕ್ಕೆ ಪಂಚಮಿ ಇರ್ತೈತಾ?”

“ಇರ್ತೈತೆ.”

“ಹಂಗಾರೆ ಎಡೆ ಆವಾಗ್ಲೇ.”

ಅಯ್ಯನೋರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಚೌತಿ-ಷಷ್ಠಿಗಳ ಸಾಲುಗಳ ನಡುವಿನ ಸಣ್ಣ ಖಾಲಿ ಜಾಗದಲ್ಲಿ ತಿಮ್ಮರಾಯಪ್ಪನ ಹೆಸರು ಬರೆದರು.